ಗಲ್ಲಾಪೆಟ್ಟಿಗೆಯ ಪಕ್ಕದ ಫೋನು

ಕೊಡಗಿನ ಶನಿವಾರಸಂತೆಗೆ ನೋಟಿಫಿಕೇಶನ್ ಬೇಕಿಲ್ಲ. ಯಾವ ದಿನ ಬರಬೇಕು, ಬಂದು ಏನು ಮಾಡಬೇಕು ಎಂಬ ಎರಡನ್ನೂ ಆ ಊರು ತನ್ನ ಹೆಸರಿನ ಆರು ಅಕ್ಷರಗಳಲ್ಲೇ ಹೇಳಿ ಮುಗಿಸಿದೆ. ಸೋಮವಾರಪೇಟೆಯದೂ ಅದೇ ಜಾಣತನ. ಮಡಿಕೇರಿಗೆ ಈ ಬುದ್ಧಿ ಹೊಳೆಯಲಿಲ್ಲ. ಅಲ್ಲಿ ಸಂತೆ ಶುಕ್ರವಾರ ಎಂಬುದನ್ನು ಪ್ರತಿಯೊಬ್ಬರೂ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ತೋಟದ ಬಟವಾಡೆ ಆದ ಮೇಲೆ ಚೀಲ ಹಿಡಿದು ಪೇಟೆಗೆ ಇಳಿಯುವ ಜನಕ್ಕೆ ತಲೆಮಾರುಗಳಿಂದ ಇಷ್ಟೇ ಸಾಕಾಗಿತ್ತು. ಇನ್‌ಸ್ಟಾಲ್ ಮಾಡುವುದಿಲ್ಲ, ಅಪ್‌ಡೇಟ್ ಕೇಳುವುದಿಲ್ಲ, ಪಾಸ್‌ವರ್ಡ್ ಮರೆಯುವ ಮಾತೇ ಇಲ್ಲ.

ಈಗ ಅದೇ ಪೇಟೆಗಳ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಫೋನು ಮಲಗಿರುತ್ತದೆ, ಚಾರ್ಜರಿನ ಬಾಲ ಸಿಕ್ಕಿಸಿಕೊಂಡೇ. ಕಾಫಿಪುಡಿಯವರು, ಜೇನು-ಏಲಕ್ಕಿಯವರು, ಬೇಕರಿಯವರು, ಕೋಳಿ-ಹಂದಿ ಮಾಂಸದವರು, ಮೆಡಿಕಲ್ ಶಾಪಿನವರು, ಕಾಫಿ ಕೊಳ್ಳುವ ವ್ಯಾಪಾರಿಗಳು, ಎಲ್ಲರೂ ಅದನ್ನು ಆಗಾಗ ತಿರುಗಿಸಿ ನೋಡುತ್ತಾರೆ. ಕಪ್ಪು ಗಾಜಿನ ಮೇಲೆ ಕಾಫಿಪುಡಿಯ ಹೆಬ್ಬೆರಳಿನ ಗುರುತು. ಎದುರಿಗೆ ನಿಂತ ಗಿರಾಕಿ ಒಬ್ಬರಾದರೆ ಫೋನಿನೊಳಗೆ ನಿಂತವರು ಹತ್ತು ಜನ, ಮತ್ತು ಒಳಗಿನವರಿಗೆ ತಾಳ್ಮೆ ಕಡಿಮೆ.

‘ನಮಗೂ ಒಂದು ಆ್ಯಪ್ ಮಾಡಿಸಬೇಕು’ ಎಂಬ ಮಾತು ಹುಟ್ಟುವುದು ಇಂಥ ಹೊತ್ತಿನಲ್ಲೇ. ಮಾಡಿಕೊಡುವವರೂ ಹೇಗೋ ಪತ್ತೆಹಚ್ಚಿ ಬರುತ್ತಾರೆ. ಲ್ಯಾಪ್‌ಟಾಪ್ ಬಿಚ್ಚಿ, ಅಂಗಡಿಯ ಹೆಸರು ಬರೆದ ಹಸಿರು ಪರದೆಯೊಂದನ್ನು ತೋರಿಸುತ್ತಾರೆ. ಹಿಂದೆ ಅಬ್ಬಿ ಜಲಪಾತ, ಮುಂದೆ ಕಾಫಿ ಹಣ್ಣು, ನಡುವೆ ತಮ್ಮದೇ ಹೆಸರು. ಅದನ್ನು ಕಂಡು ಕರಗದ ವ್ಯಾಪಾರಿ ಅಪರೂಪ. ಕರಗುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ.

ಮೊದಲನೆಯದು, ಆ್ಯಪ್ ಯಾರ ಖಾತೆಯಲ್ಲಿ ಇರುತ್ತದೆ? ಗೂಗಲ್ ಪ್ಲೇಯಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್, ಆಪಲ್‌ನಲ್ಲಿ ವರ್ಷವರ್ಷವೂ 99 ಡಾಲರ್. ಖರ್ಚು ಉಳಿಯಲೆಂದು ‘ನಮ್ಮ ಖಾತೆಯಲ್ಲೇ ಹಾಕಿಬಿಡುತ್ತೇವೆ’ ಎನ್ನುತ್ತಾರೆ ಮಾಡಿಕೊಡುವವರು. ಅಲ್ಲಿಗೆ ಅಂಗಡಿಯ ಬೋರ್ಡು ಬೇರೆಯವರ ಗೋಡೆಗೆ ಮೊಳೆ ಹೊಡೆದಂತೆ. ಅವರು ಫೋನ್ ಎತ್ತುವುದನ್ನು ನಿಲ್ಲಿಸಿದ ದಿನ ಬೋರ್ಡು ಇಳಿಸಲೂ ಆಗದು, ಬಣ್ಣ ಬಳಿಯಲೂ ಆಗದು. ಖಾತೆ ಅಂಗಡಿಯದೇ ಇದ್ದು, ಕೆಲಸದ ಮಟ್ಟಿಗೆ ಅವರಿಗೆ ಅನುಮತಿ ಕೊಡುವುದು ಸರಿಯಾದ ದಾರಿ. ಆದರೆ 2023ರ ನವೆಂಬರ್ ನಡುವಿನಿಂದೀಚೆಗೆ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಒಂದು ವ್ರತ ಹಾಕಿದೆ: ಆ್ಯಪ್ ಎಲ್ಲರಿಗೂ ಸಿಗುವ ಮುಂಚೆ ಕನಿಷ್ಠ 12 ಜನ 14 ದಿನ ಎಡೆಬಿಡದೆ ಪರೀಕ್ಷಕರಾಗಿ ಇರಬೇಕು. ಮೊದಲು ಈ ಸಂಖ್ಯೆ 20 ಇತ್ತು. ನೆಂಟರಿಷ್ಟರಲ್ಲಿ ಹನ್ನೆರಡು ಜನರನ್ನು ಹಿಡಿಯುವುದು ಕೊಡಗಿನಲ್ಲಿ ಕಷ್ಟವಲ್ಲ, ಒಂದು ಮದುವೆಮನೆ ಸಾಕು. ಹದಿನಾಲ್ಕು ದಿನ ಅವರು ಬಿಟ್ಟುಹೋಗದಂತೆ ಕಾಯುವುದು ಕಷ್ಟ.

ಎರಡನೆಯದು, ಮುಂದಿನ ವರ್ಷ ಏನು? ಆ್ಯಪ್ ಎಂದರೆ ಒಮ್ಮೆ ಕಟ್ಟಿ ಮರೆಯುವ ಸಿಮೆಂಟಿನ ಕಣವಲ್ಲ, ವರ್ಷಕ್ಕೊಮ್ಮೆ ರೆಂಬೆ ಸವರಿಸಿಕೊಳ್ಳುವ ಕಾಫಿಗಿಡ. ಆಂಡ್ರಾಯ್ಡ್ ವರ್ಷಕ್ಕೊಂದು ಹೊಸ ಆವೃತ್ತಿ ತರುತ್ತದೆ, ಆ್ಯಪನ್ನು ಅದಕ್ಕೆ ಹೊಂದಿಸುತ್ತಾ ಬರಬೇಕೆಂದು ಪ್ಲೇ ಸ್ಟೋರ್ ಗಡುವು ಹಾಕುತ್ತದೆ. ಗಡುವು ತಪ್ಪಿ ಹಿಂದೆ ಉಳಿದ ಆ್ಯಪು ಹಳೆಯ ಫೋನಿನವರಿಗೆ ಕಾಣುತ್ತಿರುತ್ತದೆ, ಹೊಸ ಫೋನು ಕೊಂಡವರು ಹುಡುಕಿದರೆ ಸಿಗುವುದಿಲ್ಲ. ಅಂಗಡಿಯವರ ಕೈಯಲ್ಲಿರುವುದು ಹಳೆಯ ಫೋನೇ ಆದ್ದರಿಂದ ಅವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೂರನೆಯದೇ ದೊಡ್ಡದು. ಯಾರು ಇಳಿಸಿಕೊಳ್ಳುತ್ತಾರೆ? ಮೈಸೂರಿಗೆ ಇಳಿಯುವ ದಾರಿಯಲ್ಲಿ ಕುಶಾಲನಗರದ ಬಳಿ ಕಾರು ನಿಲ್ಲಿಸಿ ನೂರು ಗ್ರಾಂ ಏಲಕ್ಕಿ, ಎರಡು ಡಬ್ಬಿ ಹೋಮ್‌ಮೇಡ್ ಚಾಕೊಲೇಟ್ ಕೊಳ್ಳುವ ಪ್ರವಾಸಿಗೆ ಆ ಅಂಗಡಿ ಮತ್ತೆ ಬೇಕಾಗುವುದು ಮುಂದಿನ ವರ್ಷದ ಲಾಂಗ್ ವೀಕೆಂಡಿಗೆ. ಅಷ್ಟು ದಿನ ಫೋನಿನಲ್ಲಿ ಜಾಗ ಕೊಟ್ಟು ಸಾಕುವ ದಾಕ್ಷಿಣ್ಯ ಯಾರಿಗೂ ಇಲ್ಲ. ಶುಭೋದಯದ ಹೂವಿನ ಚಿತ್ರಗಳು ತುಂಬಿ ಫೋನು ‘ಜಾಗವಿಲ್ಲ’ ಎಂದಾಗ ಮೊದಲು ಹೊರಬೀಳುವುದು ಏಲಕ್ಕಿ ಅಂಗಡಿಯೇ. ಅದರ ಮೇಲೆ, ಆಂಡ್ರಾಯ್ಡ್ 13ರಿಂದೀಚೆಗೆ ನೋಟಿಫಿಕೇಶನ್ ಕಳಿಸಲೂ ಆ್ಯಪು ಅನುಮತಿ ಕೇಳಬೇಕು. ‘ಬೇಡ’ ಎಂದು ಒತ್ತುವ ಬೆರಳಿಗೆ ಅಭ್ಯಾಸ ಚೆನ್ನಾಗಿಯೇ ಆಗಿದೆ. ಸ್ವಂತ ಆ್ಯಪು ಸಾರ್ಥಕವಾಗಬೇಕಾದರೆ ಗಿರಾಕಿ ತಿಂಗಳಿಗೆ ಮೂರು ನಾಲ್ಕು ಸಲವಾದರೂ ಬರುವವನಾಗಿರಬೇಕು. ಹಾಲು, ಮಾಂಸ, ಔಷಧಿ, ಬೇಕರಿ ಸರಿ. ಕಾಫಿಪುಡಿ ಅನುಮಾನ. ಉಡುಗೊರೆಯ ಅಂಗಡಿಗೆ ಖಂಡಿತ ಬೇಡ.

ಆದ್ದರಿಂದಲೇ ನಾಲ್ಕು ದಿಕ್ಕಿನ ಸಣ್ಣ ವ್ಯಾಪಾರವೆಲ್ಲ ಕೊನೆಗೆ ಬಂದು ನಿಂತಿರುವುದು ಗಿರಾಕಿಯ ಫೋನಿನಲ್ಲಿ ಆಗಲೇ ಕೂತಿರುವ ವಾಟ್ಸಾಪಿನಲ್ಲಿ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಎಂಬ ಬೇರೆ ಆ್ಯಪು ಪುಕ್ಕಟೆ. ಇಳಿಸಿಕೊಂಡವರು ಬಹಳ, ಅದರೊಳಗಿನ ಕೋಣೆಗಳನ್ನು ತೆರೆದು ನೋಡಿದವರು ಕಡಿಮೆ.

ಸಂಖ್ಯೆಯಿಂದ ಶುರುಮಾಡಬೇಕು. ಒಂದೇ ಸಂಖ್ಯೆ ಎರಡೂ ವಾಟ್ಸಾಪಿನಲ್ಲಿ ಏಕಕಾಲಕ್ಕೆ ನಡೆಯದು. ಮನೆಯವರ ಗ್ರೂಪು, ಒಕ್ಕದ ಎಂದರೆ ಮನೆತನದ ಗ್ರೂಪು, ಹಾಕಿ ಪಂದ್ಯದ ಗ್ರೂಪು ಎಲ್ಲ ಇರುವ ಸಂಖ್ಯೆಯನ್ನೇ ವ್ಯಾಪಾರಕ್ಕೆ ಕೊಟ್ಟರೆ ಕಾಫಿಪುಡಿಯ ಆರ್ಡರು ಸೆಮಿಫೈನಲ್ಲಿನ ಸ್ಕೋರಿನಡಿ ಹೂತುಹೋಗುತ್ತದೆ. ಹೊಸ ಸಿಮ್ ಕೊಳ್ಳಬಹುದು. ಅದಕ್ಕಿಂತ ಸೊಗಸಾದ ಉಪಾಯ ಅಂಗಡಿಯ ಬೋರ್ಡಿನಲ್ಲೇ ಇದೆ: 08272 ಎಂದು ಶುರುವಾಗುವ, ಬಣ್ಣ ಮಾಸಿದ ಲ್ಯಾಂಡ್‌ಲೈನ್ ಸಂಖ್ಯೆ. ವಿರಾಜಪೇಟೆ ಕಡೆಯಾದರೆ 08274, ಸೋಮವಾರಪೇಟೆ ಕಡೆ 08276. ಲೈನು ಇನ್ನೂ ಜೀವಂತವಿದ್ದರೆ ಅದೇ ಸಂಖ್ಯೆ ವಾಟ್ಸಾಪಿಗೆ ಸಲ್ಲುತ್ತದೆ. ಸಂಖ್ಯೆಯ ಮೊದಲಿನ ಸೊನ್ನೆ ಬಿಟ್ಟು 91ರ ನಂತರ ಹಾಕಬೇಕು. ಎಸ್ಸೆಮ್ಮೆಸ್ ಬರುವುದಿಲ್ಲ, ಬರುವಂತೆಯೂ ಇಲ್ಲ. ಒಂದು ನಿಮಿಷ ಕಾದರೆ ‘ಕರೆ ಮಾಡಿ’ ಎಂಬ ಆಯ್ಕೆ ಎಚ್ಚರವಾಗುತ್ತದೆ. ಒತ್ತಿದರೆ ಮೂಲೆಯ ಹಳೆಯ ಫೋನು ಟ್ರಿಣ್ ಎಂದು ಬಡಿದುಕೊಂಡು, ಎತ್ತಿದವರ ಕಿವಿಗೆ ಆರು ಅಂಕಿ ಒಪ್ಪಿಸುತ್ತದೆ. ಪೆನ್ನು ಮುಂಚೆಯೇ ಹುಡುಕಿಟ್ಟಿರಬೇಕು. ಮೂವತ್ತು ವರ್ಷದಿಂದ ಜನರ ಡೈರಿಯಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಸಂಖ್ಯೆಗೆ ಫೋಟೋ ಸಮೇತ ಉತ್ತರ ಬರತೊಡಗಿದರೆ, ಬೇರೆ ಜಾಹೀರಾತು ಬೇಕೇ?

ಇನ್ನು ಸ್ವಾಗತದ ಸಂದೇಶ. ಗಿರಾಕಿ ಮೊದಲ ಸಲ ಬರೆದಾಗ, ಅಥವಾ 14 ದಿನ ಸುದ್ದಿಯಿಲ್ಲದೆ ಇದ್ದು ಮತ್ತೆ ಬರೆದಾಗ ಅದು ತಾನಾಗಿ ಹೋಗುತ್ತದೆ. ಎಡವಟ್ಟಾಗುವುದು ಇಲ್ಲೇ. ಅಜ್ಜನ ಕಾಲದಿಂದ ಅದೇ ಅಂಗಡಿಯ ಪುಡಿ ಕುಡಿಯುತ್ತಿರುವ ಮನೆಯವರು ಮೂರು ವಾರ ಬಿಟ್ಟು ‘ಪುಡಿ ಮುಗೀತು’ ಎಂದು ಬರೆದರೆ, ಅಂಗಡಿ ಇಂಗ್ಲಿಷಿನಲ್ಲಿ ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ, ತಾವು ಯಾವ ರೀತಿಯ ಸಹಾಯ ಬಯಸುತ್ತೀರಿ’ ಎಂಬರ್ಥದ ಮಾತಾಡುತ್ತದೆ. ನೆಂಟರ ಮನೆಗೆ ಹೋದಾಗ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದ ಹಾಗೆ. ಪರಿಹಾರ ಅಲ್ಲೇ ಇದೆ: ಯಾರಿಗೆ ಕಳಿಸಬೇಕು ಎಂಬಲ್ಲಿ ‘ಅಡ್ರೆಸ್ ಬುಕ್ಕಿನಲ್ಲಿ ಇಲ್ಲದವರಿಗೆ ಮಾತ್ರ’ ಎಂಬುದನ್ನು ಆರಿಸಿದರೆ ಮುಗಿಯಿತು. ಆಗ ಹಳಬರಿಗೆ ಹಳೆಯ ಮರ್ಯಾದೆ, ಹೊಸಬರಿಗೆ ಹೊಸ ಮರ್ಯಾದೆ.

ಕ್ಯಾಟಲಾಗ್ ಎಂಬ ಷೋಕೇಸಿನಲ್ಲಿ 500 ಸಾಮಾನಿನವರೆಗೆ ಜೋಡಿಸಬಹುದು, ಒಂದೊಂದಕ್ಕೆ ಹತ್ತು ಚಿತ್ರ. ಐನೂರು ಇದೆಯೆಂದು ಐನೂರೂ ತುಂಬಬಾರದು. ಇಪ್ಪತ್ತು ಮೂವತ್ತು ಮೀರಿದರೆ ನೋಡುವವರು ತಿರುಗಿಸಿ ತಿರುಗಿಸಿ ಕೊನೆಗೆ ಫೋನು ಮಾಡಿಯೇ ಕೇಳುತ್ತಾರೆ. ಜೇನಿನ ಬಾಟಲಿಯ ಚಿತ್ರ ಒಂದು ಪಾಠ. ಟ್ಯೂಬ್‌ಲೈಟಿನಡಿ ಫ್ಲ್ಯಾಶ್ ಹಾಕಿ ತೆಗೆದರೆ ಅದು ಎಂಜಿನ್ ಆಯಿಲ್ ತರ ಬರುತ್ತದೆ. ಬಾಗಿಲ ಬಳಿ, ಬೆಳಕು ಬಾಟಲಿಯ ಹಿಂದಿನಿಂದ ಬರುವಂತೆ ಇಟ್ಟು, ಹಿಂದೆ ಬಿಳಿ ಹಾಳೆಯೊಂದನ್ನು ಹಿಡಿದರೆ ಅದೇ ಜೇನು ಹೊತ್ತಿಕೊಂಡ ಹಾಗೆ ಹೊಳೆಯುತ್ತದೆ. ಅಡುಗೆಯ ಹುಳಿಯಾದ ಕಾಚಂಪುಳಿಗೆ ಈ ಉಪಾಯ ನಡೆಯದು. ಪನಪುಳಿಯ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿದ ಆ ದ್ರವದೊಳಗೆ ಬೆಳಕು ನುಗ್ಗುವುದೇ ಇಲ್ಲ. ಬಿಳಿ ಬಸಿಯಲ್ಲಿ ಒಂದು ಚಮಚ ಸುರಿದು, ಅದು ನಿಧಾನ ಹರಡುವುದನ್ನು ತೋರಿಸಬೇಕು. ಅಳತೆ, ತೂಕ, ಯಾವ ತಿಂಗಳು ಮಾಡಿದ್ದು, ಎಫ್ಎಸ್ಎಸ್ಎಐ ಆಹಾರ ಪರವಾನಗಿಯ 14 ಅಂಕಿ, ಇಷ್ಟು ಕೆಳಗಿದ್ದರೆ ಅರ್ಧ ಪ್ರಶ್ನೆಗಳು ಹುಟ್ಟುವ ಮುಂಚೆಯೇ ಸಾಯುತ್ತವೆ. ಬೆಲೆ ಹಾಕುವುದು ಕಡ್ಡಾಯವಲ್ಲ. ಕಾಳುಮೆಣಸಿನಂಥ ದಿನಕ್ಕೊಂದು ದರದ ಸಾಮಾನಿಗೆ ಆ ಜಾಗ ಖಾಲಿ ಬಿಡುವುದೇ ಲೇಸು, ಇಲ್ಲದಿದ್ದರೆ ಕಳೆದ ತಿಂಗಳ ದರಕ್ಕೆ ಈ ತಿಂಗಳ ಜಗಳ.

ಎಲ್ಲವೂ ಷೋಕೇಸಿಗೆ ಹೋಗುವುದಿಲ್ಲ ಎಂಬುದೂ ಗೊತ್ತಿರಬೇಕು. ಮದ್ಯಕ್ಕೆ ಅಲ್ಲಿ ನಿಷೇಧ, ಆಯುಧಕ್ಕೂ ನಿಷೇಧ. ಹೋಮ್‌ಮೇಡ್ ವೈನಿನ ಬಾಟಲಿ ಏರಿಸಿದರೆ ‘ಒಪ್ಪಿಗೆಯಿಲ್ಲ’ ಎಂದು ವಾಪಸು ಬರುತ್ತದೆ. ಅಬಕಾರಿಯವರ ಪರವಾನಗಿಯ ಪ್ರಶ್ನೆ ಅದಕ್ಕಿಂತ ಮೊದಲಿನದು. ಬೆಳ್ಳಿ ಕೆಲಸದವರ ಪಾಡು ಇನ್ನೂ ವಿಚಿತ್ರ. ಕೊಡವ ಮದುಮಗ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ನಮಗೆ ಒಡವೆ. ಎಲ್ಲೋ ದೂರದಲ್ಲಿ ಕೂತು ಚಿತ್ರ ಸೋಸುವ ಯಂತ್ರಕ್ಕೆ ಅದು ಬರೀ ಚೂರಿಯಾಗಿ ಕಂಡರೆ ಅದನ್ನು ದೂರುವಂತಿಲ್ಲ, ಅದಕ್ಕೆ ಮದುವೆ ಊಟದ ಕರೆ ಬಂದಿಲ್ಲವಲ್ಲ. ಅಂಥದನ್ನು ಕೇಳಿದವರಿಗೆ ಮಾತ್ರ ಫೋಟೋ ಕಳಿಸುವುದು ಕ್ಷೇಮ.

ಲೇಬಲ್ಲು ಎಂಬುದೊಂದಿದೆ, ಬಣ್ಣದ ಚೀಟಿ. ಇಪ್ಪತ್ತರವರೆಗೆ ಮಾಡಿಕೊಳ್ಳಬಹುದು. ಅದರಲ್ಲಿ ತಯಾರಾಗಿಯೇ ಬರುವ ‘ಹೊಸ ಗ್ರಾಹಕ’, ‘ಹಣ ಬಾಕಿ’ ಮೊದಲಾದವು ಪರವಾಗಿಲ್ಲ, ಆದರೆ ಕೊಡಗಿನ ವ್ಯಾಪಾರ ಓಡುವುದು ಬಸ್ಸಿನ ಮೇಲೆ. ಜಿಲ್ಲೆಗೆ ರೈಲಿಲ್ಲ, ಮನೆಗಳು ತೋಟದ ನಡುವೆ ಒಂಟೊಂಟಿ, ಡೆಲಿವರಿ ಹುಡುಗನಿಗೆ ಹೇಳಲು ಕ್ರಾಸೂ ಇಲ್ಲ, ಮೇನೂ ಇಲ್ಲ. ‘ಬಸ್ಸಿಗೆ ಹಾಕಿ ಕಳಿಸಿ’ ಎಂಬುದೇ ಇಲ್ಲಿನ ಲಾಜಿಸ್ಟಿಕ್ಸ್. ಹಾಗಾಗಿ ಚೀಟಿಗಳಿಗೆ ‘ನಾಪೋಕ್ಲು ಬಸ್ಸು’, ‘ಭಾಗಮಂಡಲ ಬಸ್ಸು’, ‘ಸಿದ್ದಾಪುರ ಬಸ್ಸು’, ‘ಕುಟ್ಟ ಬಸ್ಸು’ ಎಂದು ಹೆಸರಿಟ್ಟುಕೊಂಡವರು ಬುದ್ಧಿವಂತರು. ಸಂಜೆ ನಾಲ್ಕಕ್ಕೆ ಒಂದು ಬಣ್ಣ ಒತ್ತಿದರೆ ಆ ಬಸ್ಸಿಗೆ ಹೋಗಬೇಕಾದ ಪೊಟ್ಟಣಗಳ ಪಟ್ಟಿ ಎದುರಿಗೆ ಬರುತ್ತದೆ. ಕಂಡಕ್ಟರರ ಕೈಗೆ ಕೊಟ್ಟು, ಬಸ್ಸಿನ ನಂಬರು ಕಾಣುವಂತೆ ಒಂದು ಫೋಟೋ ಹೊಡೆದು ಕಳಿಸಿದರೆ ಟ್ರ್ಯಾಕಿಂಗೂ ಆಯಿತು.

ಹೊರ ಊರಿಗೆ ಕೊರಿಯರು ಮಾಡುವವರಿಗೆ ಮಾತ್ರ ತೂಕದ ಬಲೆಯೊಂದಿದೆ. ಹೆಚ್ಚಿನ ಕೊರಿಯರು ದರಗಳು 500 ಗ್ರಾಮಿನ ಮೆಟ್ಟಿಲುಗಳಲ್ಲಿ ಏರುತ್ತವೆ. ಸರಿಯಾಗಿ ಅರ್ಧ ಕೆಜಿ ಪುಡಿಯನ್ನು ಪೊಟ್ಟಣ ಕಟ್ಟಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿದರೆ 540-560 ಗ್ರಾಂ; ಆ ಅರವತ್ತು ಗ್ರಾಂ ಟೇಪಿಗಾಗಿ ಒಂದು ಕೆಜಿಯ ದರ. ಆನ್‌ಲೈನಿಗೆ 400 ಗ್ರಾಮಿನ ಇಲ್ಲವೇ 900 ಗ್ರಾಮಿನ ಪ್ಯಾಕೆಟ್ಟು ಬೇರೆಯಾಗಿ ಮಾಡಿದರೆ ಈ ನಷ್ಟ ತಪ್ಪುತ್ತದೆ. ಚಾಕೊಲೇಟಿನ ದೊಡ್ಡ ಟೊಳ್ಳು ಡಬ್ಬಿಗೆ ಇನ್ನೊಂದು ಲೆಕ್ಕ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ನಿಜ ತೂಕಕ್ಕಿಂತ ಅದು ಜಾಸ್ತಿಯಿದ್ದರೆ ಅದಕ್ಕೇ ಹಣ. ಗಾಳಿಯನ್ನೂ ತೂಗುವ ತಕ್ಕಡಿ ಅದು. ಹೊಸದಾಗಿ ಹುರಿದ ಕಾಫಿಯಾದರೆ ಒಳಗಿನಿಂದಲೇ ಅನಿಲ ಬಿಡುತ್ತದೆ. ವಾಲ್ವ್ ಇಲ್ಲದ ಪೊಟ್ಟಣ ಬೆಂಗಳೂರು ಮುಟ್ಟುವಷ್ಟರಲ್ಲಿ ಪೂರಿಯಂತೆ ಉಬ್ಬಿ, ಗಿರಾಕಿ ‘ಕೆಟ್ಟುಹೋಗಿದೆ’ ಎಂದು ಫೋಟೋ ಕಳಿಸುತ್ತಾರೆ.

ಕ್ವಿಕ್ ರಿಪ್ಲೈ ಎಂಬ ಸೌಲಭ್ಯ ಇಂಥ ಪ್ರಶ್ನೆಗಳಿಗೇ ಇರುವುದು. ಓರೆಗೆರೆ ಒತ್ತಿ ಒಂದು ಪದ ಬರೆದರೆ ಉದ್ದದ ಉತ್ತರ ತಾನೇ ಬೀಳುತ್ತದೆ. ‘ಚಿಕೋರಿ ಎಷ್ಟು?’ ಎಂಬ ಪ್ರಶ್ನೆ ಪುಡಿಯ ಅಂಗಡಿಗೆ ದಿನಕ್ಕೆ ಹತ್ತು ಸಲ ಬರುತ್ತದೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಇರಲೇಬೇಕೆಂದು ಕಾನೂನು. 80:20, 70:30 ಎಂದರೇನು, ಫಿಲ್ಟರಿಗೆ ಯಾವುದು, ಪಾತ್ರೆಯಲ್ಲಿ ಕುದಿಸುವವರಿಗೆ ಯಾವುದು ಎಂದು ಒಮ್ಮೆ ಚೆನ್ನಾಗಿ ಬರೆದಿಟ್ಟರೆ ಸಾಕು. ‘ಮಳೆ ಹೇಗಿದೆ, ಈ ವಾರ ಬರಬಹುದಾ?’ ಎಂಬುದಕ್ಕೆ ಮಾತ್ರ ಕ್ವಿಕ್ ರಿಪ್ಲೈ ಇಟ್ಟುಕೊಳ್ಳಬಾರದು. ಬಿಸಿಲಿನಲ್ಲಿ ಬರೆದ ಉತ್ತರ ಬಿರುಮಳೆಯ ದಿನ ಹೊರಟುಬಿಡುತ್ತದೆ.

ಈಗ ಪ್ರಸಾರಕ್ಕೆ ಬರೋಣ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನ. ಎಲ್ಲರಿಗೂ ಕಳಿಸಿದೆವೆಂದು ಅಂಗಡಿಯವರು ನೆಮ್ಮದಿಯಾಗಿರುತ್ತಾರೆ, ತಲುಪಿರುವುದು ನಲವತ್ತು ಜನಕ್ಕೆ. ಕಾರಣ ಸರಳ: ಅಂಗಡಿಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಸ್ಟೇಟಸ್ ಕಾಣಬೇಕಾದರೆ ಎರಡೂ ಕಡೆ ಸೇವ್ ಆಗಿರಬೇಕು. ಅಂದರೆ ಇಡೀ ಡಿಜಿಟಲ್ ಕ್ರಾಂತಿ ನಿಂತಿರುವುದು ಬಿಲ್ಲು ಕೊಡುವಾಗ ಬಾಯಿಬಿಟ್ಟು ಹೇಳಬೇಕಾದ ಒಂದು ಮಾತಿನ ಮೇಲೆ: ‘ನಂಬರ್ ಸೇವ್ ಮಾಡ್ಕೊಳ್ಳಿ.’ ಆ ಮಾತು ಹೇಳಲು ಸಂಕೋಚಪಟ್ಟವರಿಗೆ ಯಾವ ಆ್ಯಪೂ ನೆರವಾಗದು. ವಾರಕ್ಕೊಂದಕ್ಕಿಂತ ಹೆಚ್ಚು ಕಳಿಸಿದರೆ ಜನ ಬ್ಲಾಕ್ ಒತ್ತುತ್ತಾರೆ, ಬಹಳ ಜನ ದೂರಿದರೆ ಸಂಖ್ಯೆಯೇ ರದ್ದಾಗಬಹುದು.

ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಕೊಡಗಿನಲ್ಲಿ ಅದಕ್ಕೆ ಹೇಳಿ ಮಾಡಿಸಿದ ಸರಕು ಮದ್ದುಸೊಪ್ಪು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಸುಮಾರಿಗೆ, ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂಬ ನಂಬಿಕೆ. ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ. ಹಿಂದಿನ ದಿನ ಬೆಳಿಗ್ಗೆ ‘ಮದ್ದುಸೊಪ್ಪು ಬಂದಿದೆ’ ಎಂದು ಹಸಿ ಕಟ್ಟಿನ ಒಂದು ಚಿತ್ರ ಏರಿಸಿದರೆ ಮಧ್ಯಾಹ್ನಕ್ಕೆ ಖಾಲಿ. ಮರುದಿನ ಸೊಪ್ಪಿಗೂ ಬೆಲೆಯಿಲ್ಲ, ಸ್ಟೇಟಸ್ಸಿಗೂ ಜೀವವಿಲ್ಲ. ಇಬ್ಬರೂ ಜೊತೆಯಾಗಿ ಬಾಡುತ್ತಾರೆ. ಕಾಫಿ ಕೊಳ್ಳುವ ವ್ಯಾಪಾರಿಗಳೂ ಇದನ್ನು ಚೆನ್ನಾಗಿ ಪಳಗಿಸಿಕೊಂಡಿದ್ದಾರೆ. ಬೆಳಿಗ್ಗೆ ಅವರ ಸ್ಟೇಟಸ್ಸಿನಲ್ಲಿ ನಾಲ್ಕು ಸಾಲು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ. ಮೊದಲ ಮೂರು 50 ಕೆಜಿ ಚೀಲದ ಲೆಕ್ಕ, ರೋಬಸ್ಟಾ ಚೆರಿಗೆ ಔಟ್‌ಟರ್ನಿನ ಲೆಕ್ಕ. ಚೀಲ ಸುಲಿದರೆ 28 ಕೆಜಿ ಕಾಫಿ ಬೇಳೆ ಸಿಕ್ಕುವುದಾದರೆ ದರವನ್ನು 28ರಿಂದ ಗುಣಿಸಬೇಕು. ದರ ಬರೆದು, ಪಕ್ಕದಲ್ಲಿ ಔಟ್‌ಟರ್ನಿಗೆ ‘ಒಟಿ’ ಎಂದು ಬಿಟ್ಟರೆ ತೋಟದವರಿಗೆ ಸಾಕು. ಅಲಂಕಾರಕ್ಕೆ ಕಪ್ಪಿನಿಂದ ಹೊಗೆ ಏಳುವ ಚಿತ್ರ ಹಾಕುವವರ ದರದ ಮೇಲೆ ಅವರಿಗೆ ನಂಬಿಕೆ ಕಡಿಮೆ.

ಎಸ್ಸೆಮ್ಮೆಸ್ ಎಂಬ ಮುದುಕ ಇನ್ನೂ ಬದುಕಿದ್ದಾನೆ. ಆದರೆ ಅವನಿಗೆ ಕನ್ನಡವೆಂದರೆ ದುಬಾರಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಆ ಎಪ್ಪತ್ತರ ಎಣಿಕೆಯೂ ನಮ್ಮ ಕಣ್ಣಿನದಲ್ಲ. ಅಂಗಡಿಗಳ ಹೆಸರಿನ ಮೊದಲಿಗೆ ಕೂರುವ ‘ಶ್ರೀ’ ನಮಗೆ ಒಂದಕ್ಷರ. ಯಂತ್ರಕ್ಕೆ ಶ, ಅರ್ಧಕದ ಗುರುತು, ರ, ದೀರ್ಘದ ಗುರುತು ಸೇರಿ ನಾಲ್ಕು. ‘ಪುತ್ತರಿ ಹಬ್ಬದ ಶುಭಾಶಯಗಳು’ ಎನ್ನುವಷ್ಟರಲ್ಲಿ ನಡುವಿನ ಜಾಗವೂ ಸೇರಿ 23 ಖರ್ಚು, ರಿಯಾಯಿತಿ ಎಷ್ಟೆಂದು ಹೇಳುವ ಮುಂಚೆಯೇ ಮೂರನೇ ಒಂದು ಪಾಲು ಮುಗಿಯಿತು. ಎಪ್ಪತ್ತು ದಾಟಿದರೆ ಎರಡು ಸಂದೇಶದ ಹಣ. ವ್ಯಾಪಾರದ ಎಸ್ಸೆಮ್ಮೆಸ್ಸಿಗೆ ಒಕ್ಕಣೆಯನ್ನು ಮೊದಲೇ ನೋಂದಾಯಿಸಿರಬೇಕೆಂಬ ನಿಯಮ ಬೇರೆ. ನೋಂದಾಯಿಸಿದ್ದಕ್ಕೂ ಕಳಿಸಿದ್ದಕ್ಕೂ ಹೊಂದದಿದ್ದರೆ ಸಂದೇಶ ಅರ್ಧದಾರಿಯಲ್ಲೇ ಬಿದ್ದುಹೋಗುತ್ತದೆ.

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಮಾತು ಬಂತಲ್ಲ. ಆ್ಯಪುಗಳ ಹಬ್ಬದ ಕ್ಯಾಲೆಂಡರಿನಲ್ಲಿ ದೀಪಾವಳಿ ಇದೆ, ಪ್ರೇಮಿಗಳ ದಿನವೂ ಇದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹುಡುಕಿದರೆ ಸಿಗುವುದಿಲ್ಲ. ಪುತ್ತರಿಯ ದಿನವನ್ನು ಗೊತ್ತುಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ. ಎಲೆಗಳ ‘ನೆರೆ’ ಕಟ್ಟುವುದಕ್ಕೆ, ಭತ್ತದ ಕದಿರು ತೆಗೆಯುವುದಕ್ಕೆ ಗಂಟೆ ನಿಮಿಷ ಸಮೇತ ಮುಹೂರ್ತ ಅಲ್ಲಿಂದಲೇ ಬರಬೇಕು. ಅದು ಬರುವ ಮುಂಚೆ ‘ಶೆಡ್ಯೂಲ್’ ಒತ್ತಿ ಕೂರುವಂತಿಲ್ಲ. ಕದಿರು ತೆಗೆದು ‘ಪೊಲಿ ಪೊಲಿ ದೇವಾ’ ಎಂದು ಕೂಗುವ ಹೊತ್ತಿಗೆ ಸರಿಯಾಗಿ ‘ಫ್ಲಾಟ್ 10 ಪರ್ಸೆಂಟ್’ ಎಂದು ಫೋನು ಕಿಣಿಗುಟ್ಟಿದರೆ ಆ ಅಂಗಡಿಯ ಹೆಸರು ಬಹಳ ದಿನ ನೆನಪಿರುತ್ತದೆ, ಬೇಡದ ರೀತಿಯಲ್ಲಿ.

ಹೆಸರಿನ ತಂಟೆ ಇನ್ನೊಂದು. ಅರ್ಜಿಯ ನಮೂನೆಗಳು ಕೇಳುವುದು ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’. ಕೊಡವರಲ್ಲಿ ಮನೆತನದ ಹೆಸರೇ ಮೊದಲು, ಸ್ವಂತ ಹೆಸರು ಆಮೇಲೆ. ಬರೆದುಕೊಂಡು ಬಂದ ಕ್ರಮದಲ್ಲೇ ತುಂಬಿದರೆ ಆ್ಯಪು ಮೊದಲ ಪದ ಹಿಡಿದು ಸಲುಗೆಯಿಂದ ‘ಹಾಯ್’ ಎನ್ನುತ್ತದೆ. ಅಲ್ಲಿಗೆ ಮೂಲಮನೆಯಾದ ಐನ್‌ಮನೆಯ ಹಿರಿಯರ ಗುಡಿ ಕೈಮಡದವರೆಗೆ ಇಡೀ ಒಕ್ಕಕ್ಕೆ ಹಾಯ್ ಹೇಳಿದಂತಾಯಿತು, ಹುಟ್ಟುಹಬ್ಬದ ಕೂಪನ್ನೂ ಒಕ್ಕದ ಹೆಸರಿಗೇ. ನಮೂನೆಯಲ್ಲಿ ‘ಪೂರ್ತಿ ಹೆಸರು’ ಎಂಬ ಒಂದೇ ಗೆರೆ, ‘ಏನೆಂದು ಕರೆಯಬೇಕು’ ಎಂಬ ಇನ್ನೊಂದು ಗೆರೆ ಇಡಿಸಿದರೆ ಈ ಅಪಚಾರ ತಪ್ಪುತ್ತದೆ.

ಕಡದ ಪುಸ್ತಕವೂ ಫೋನಿಗೆ ಹೋಗಿದೆ. ಖಾತಾಬುಕ್, ಓಕೆಕ್ರೆಡಿಟ್ ಮುಂತಾದವು ಬರೆದದ್ದನ್ನು ಅಳಿಸಿಹೋಗದಂತೆ ಇಡುತ್ತವೆ, ಕೂಡಿಸುವಲ್ಲಿ ತಪ್ಪುವುದಿಲ್ಲ. ಹಳೆಯ ಪುಸ್ತಕದ ಗುಣವೊಂದು ಮಾತ್ರ ಅವಕ್ಕೆ ಬಂದಿಲ್ಲ: ಸುಮ್ಮನಿರುವುದು. ಕಾಫಿ ಕುಯ್ದು, ಒಣಗಿಸಿ, ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡುವ ಮನೆಗೆ ಜೂನ್ ತಿಂಗಳಲ್ಲಿ ‘ನಿಮ್ಮ ಬಾಕಿ ಕೂಡಲೇ ಪಾವತಿಸಿ’ ಎಂಬ ಸಂದೇಶ ತಾನಾಗಿ ಹೋದರೆ ಬಾಕಿ ಬರುತ್ತದೆ, ಮರುದಿನವೇ, ಪೂರ್ತಿ. ಗಿರಾಕಿ ಬರುವುದಿಲ್ಲ. ಹೊಸ ನಮೂದಿಗೊಂದು ಎಸ್ಸೆಮ್ಮೆಸ್ ಹೋಗುವ ಗುಂಡಿ, ಜ್ಞಾಪನೆಯ ಗುಂಡಿ ಎರಡನ್ನೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೊಂದಿಸಬೇಕು. ಯಾರಿಗೆ ಯಾವಾಗ ಕೇಳಬಹುದು ಎಂಬುದು ಆ್ಯಪಿಗೆ ಗೊತ್ತಿಲ್ಲ. ಅದು ಗೊತ್ತಿರುವುದಕ್ಕೇ ಅಂಗಡಿಯವರೆಂದು ಹೆಸರು.

ಹಣ ಬರುವ ದಾರಿಯಲ್ಲಿ ಯುಪಿಐ ಬಂದದ್ದು 2016ರಲ್ಲಿ. ಕ್ಯೂಆರ್ ಚೀಟಿಯ ಪಕ್ಕದ ಮಾತಾಡುವ ಪೆಟ್ಟಿಗೆಗೆ ತನ್ನದೇ ಸಿಮ್ ಇರುತ್ತದೆ, ಅಂಗಡಿಯ ವೈಫೈ ಅದಕ್ಕೆ ಲೆಕ್ಕಕ್ಕಿಲ್ಲ. ಆದ್ದರಿಂದ ಕೊಳ್ಳುವ ಮುಂಚೆ ಆ ಮೂಲೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಇದೆಯೆಂದು ನೋಡಿಯೇ ಕೊಳ್ಳಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಟವರಿನ ಬ್ಯಾಟರಿ ಮುಗಿದರೆ ಪೆಟ್ಟಿಗೆ ಮೌನವ್ರತ ಹಿಡಿಯುತ್ತದೆ. ಗಿರಾಕಿಯ ಫೋನಿನಲ್ಲಿ ಟಿಕ್ ಬಿದ್ದಿದೆ, ಇಲ್ಲಿ ದನಿಯಿಲ್ಲ. ತೋರಿಸಿದ ಟಿಕ್ಕನ್ನೇ ನಂಬುವುದು ಅಪಾಯ, ಅಂಥ ಚಿತ್ರ ಬರೆಯುವ ಕಳ್ಳ ಆ್ಯಪುಗಳಿವೆ, ನಂಬದಿರುವುದು ಅವಮಾನ. ತಮ್ಮ ಆ್ಯಪಿನಲ್ಲಿ ಅಥವಾ ಬ್ಯಾಂಕಿನ ಸಂದೇಶದಲ್ಲಿ ನೋಡುವುದೊಂದೇ ದಾರಿ. ಹಣ ಅಲ್ಲಿ ಕಡಿದು ಇಲ್ಲಿ ಸೇರದಿದ್ದರೆ ವ್ಯಾಪಾರಿಗೆ ಕೊಟ್ಟ ಹಣ ಐದು ದಿನದೊಳಗೆ ತಾನಾಗಿ ವಾಪಸಾಗಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಐದು ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಬೇಕು. ಮಳೆ ಬಿಟ್ಟು ಟವರು ಕಣ್ಣು ತೆರೆದಾಗ ಕೆಲವು ಪೆಟ್ಟಿಗೆಗಳು ಬಾಕಿ ಉಳಿದದ್ದನ್ನೆಲ್ಲ ಖಾಲಿ ಅಂಗಡಿಗೆ ಒಟ್ಟಿಗೆ ಒಪ್ಪಿಸುತ್ತವೆ. 2025ರ ಜುಲೈಯಲ್ಲಿ, ಯುಪಿಐ ಲೆಕ್ಕ ನೋಡಿ ವರ್ಷಕ್ಕೆ 40 ಲಕ್ಷ ದಾಟಿದ ಸಣ್ಣ ವ್ಯಾಪಾರಿಗಳಿಗೆ ರಾಜ್ಯದಲ್ಲಿ ಜಿಎಸ್‌ಟಿ ನೋಟಿಸು ಹೋದಾಗ, ಹಲವರು ಕ್ಯೂಆರ್ ಚೀಟಿಯನ್ನೇ ಕಿತ್ತು ಒಳಗಿಟ್ಟರು. ಚೀಟಿ ಬಚ್ಚಿಡುವುದರಿಂದ ಲೆಕ್ಕ ಬಚ್ಚಿಡಲಾಗದು. ಅಕೌಂಟೆಂಟರ ಬಳಿ ಹೋಗುವುದೇ ಸರಿ.

ಮಳೆಗಾಲದ ಮಾತಿಗೆ ವಾಟ್ಸಾಪಿನ ‘ಅವೇ ಮೆಸೇಜ್’ ಕೂಡ ಸೇರಬೇಕು. ಅಂಗಡಿ ಮುಚ್ಚಿದೆ, ನಾಳೆ ಉತ್ತರಿಸುತ್ತೇವೆ ಎಂದು ತಾನಾಗಿ ಹೇಳುವ ಸೌಲಭ್ಯ ಅದು. ‘ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಕ್ಷಮಿಸಿ’ ಎಂದು ಬರೆದಿಟ್ಟವರಿದ್ದಾರೆ. ಅದು ಹೋಗಬೇಕಾದರೆ ಫೋನಿನಲ್ಲಿ ಇಂಟರ್ನೆಟ್ಟು ನಡೆಯುತ್ತಿರಬೇಕು! ಇದಕ್ಕೊಂದು ಅಡ್ಡದಾರಿಯಿದೆ. ಅಂಗಡಿಯ ವಾಟ್ಸಾಪಿಗೆ ಇನ್ನೂ ನಾಲ್ಕು ಯಂತ್ರಗಳನ್ನು ಜೋಡಿಸಬಹುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳೋ ಮಗನೋ ಅಲ್ಲಿಂದಲೇ ಉತ್ತರಿಸುತ್ತಾರೆ. ಮೂಲ ಫೋನನ್ನು 14 ದಿನಕ್ಕೊಮ್ಮೆಯಾದರೂ ತೆರೆಯದಿದ್ದರೆ ಅವೆಲ್ಲ ಕಳಚಿಕೊಳ್ಳುತ್ತವೆ ಎಂಬುದೊಂದು ನೆನಪಿರಲಿ. ಇದರಲ್ಲೂ ಎಡವಟ್ಟಿದೆ. ಕೊನೆಯ ಡಬ್ಬಿ ಜೇನು ಇಲ್ಲಿ ಕೌಂಟರಿನಲ್ಲಿ ಮಾರಿದ ಅರ್ಧ ಗಂಟೆಗೆ ಅಲ್ಲಿಂದ ‘ಇದೆ, ಕಳಿಸುತ್ತೇವೆ’ ಎಂಬ ಮಾತು ಹೋಗಿರುತ್ತದೆ. ಸಂಜೆ ಮುಚ್ಚುವಾಗ ಉಳಿದ ಸಾಮಾನಿನ ಕಪಾಟಿನದೊಂದು ಫೋಟೋ ಮನೆಯವರ ಗ್ರೂಪಿಗೆ ಹಾಕುವುದು ಯಾವ ಸ್ಟಾಕ್ ಆ್ಯಪಿಗಿಂತಲೂ ಚೆನ್ನಾಗಿ ನಡೆಯುತ್ತದೆ.

ಕೊನೆಗೆ ಉಳಿಯುವುದು ದನಿಯ ಸಂದೇಶಗಳು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಓಡಾಡುವ ಪೇಟೆಯಲ್ಲಿ ಟೈಪು ಮಾಡುವ ಗೋಜಿಗಿಂತ ಮೈಕು ಒತ್ತುವುದು ಎಲ್ಲರಿಗೂ ಸುಲಭ, ವಯಸ್ಸಾದವರಿಗಂತೂ ಅದೊಂದೇ ದಾರಿ. ಅಂಗಡಿಯವರಿಗೆ ಅದರಷ್ಟು ಕಷ್ಟ ಬೇರೊಂದಿಲ್ಲ. ಹುಡುಕಿದರೆ ಸಿಗದು, ಗದ್ದಲದಲ್ಲಿ ಕೇಳದು, ಎಲ್ಲರೆದುರು ಗಟ್ಟಿಯಾಗಿ ಹಾಕುವಂತಿಲ್ಲ. ಕಿವಿಗಿಟ್ಟು ಕೇಳಿ, ಅದರ ಕೆಳಗೇ ‘ಅರ್ಧ ಕೆಜಿ 80:20’ ಎಂದು ಉತ್ತರವಾಗಿ ಬರೆದುಬಿಟ್ಟರೆ ಅವರಿಗೂ ಖಾತ್ರಿ, ಇವರಿಗೂ ದಾಖಲೆ. ಐವತ್ತು ಸೆಕೆಂಡಿನ ಸಂದೇಶ. ಮೊದಲ ಹತ್ತು ಸೆಕೆಂಡು ಹೆಂಚಿನ ಮೇಲೆ ಮಳೆಯ ಸದ್ದು. ಆಮೇಲೆ ಕೆಮ್ಮು. ಗದ್ದೆಗೆ ನೀರು ಬಂದದ್ದು, ತೋಟದ ಲೆಕ್ಕ ಬರೆಯುವ ರೈಟರು ರಜೆ ಹಾಕಿದ್ದು, ಆನೆ ಬಂದು ಹಲಸಿನ ಮರ ಅಲ್ಲಾಡಿಸಿ ಹೋದದ್ದು, ನಿಮ್ಮ ಅಮ್ಮನ ಮಂಡಿನೋವು ಹೇಗಿದೆ ಎಂಬುದು. ಕೊನೆಯ ಐದು ಸೆಕೆಂಡಿನಲ್ಲಿ ಪುಡಿಯ ಮಾತು: ಯಾವಾಗಿನದೇ, ಸಂಜೆ ಬಸ್ಸಿಗೆ ಹಾಕಿಬಿಡು. ಯಾವ ಪುಡಿ, ಯಾವ ಬಸ್ಸು ಎಂದು ಆ ದನಿ ಹೇಳಿಲ್ಲ. ಅಂಗಡಿಯಿಂದ ಯಾರೂ ಕೇಳಿಯೂ ಇಲ್ಲ. ಪೊಟ್ಟಣದ ಮೇಲೆ ಆಗಲೇ ‘ನಾಪೋಕ್ಲು’ ಎಂದು ಬರೆದಾಗಿದೆ.